ಅಂಕಿತವಿಲ್ಲದ ಕೌದಿ

ಪೀಣ್ಯದ ಸಮೀಪದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದು ನನ್ನ ಉದ್ಯೋಗ. ಬಟ್ಟೆಯ ಚೂರುಗಳನ್ನು ಕೂಡಿಸಿ ಹೊಲಿಯುವುದು ನನ್ನ ಹುಚ್ಚು. ಉದ್ಯೋಗದ ವಿಷಯವಾಗಿ ನನ್ನನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಹುಚ್ಚಿನ ವಿಷಯವಾಗಿ ಪ್ರಶ್ನಿಸದವರು ಕಡಿಮೆ. “ಪಂಪ, ರನ್ನರನ್ನು ಓದಿಸತಕ್ಕವರು ಚಿಂದಿ ಆಯುತ್ತ ಕೂರುವುದೆಂದರೇನಮ್ಮಾ?” ಎಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಆಗಾಗ ಕೇಳುವುದುಂಟು. ಅವರು ಸಜ್ಜನರು, ನನ್ನ ಮೇಲೆ ವಿಶ್ವಾಸವುಳ್ಳವರು. ಆದರೂ ಸೂಜಿ ಹಿಡಿದ ಕೈ ಲೇಖನಿಗೆ ಒಗ್ಗದು ಎಂಬ ಭಾವನೆ ಅವರ ಮನಸ್ಸಿನ ಯಾವುದೋ ಮೂಲೆಯಲ್ಲಿದೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಶರಣನಿದ್ದನೆಂದು ಒಮ್ಮೆ ನೆನಪು ಮಾಡಿಕೊಟ್ಟೆ. ನಕ್ಕು ಸುಮ್ಮನಾದರು.

ಇರಲಿ. ಈ ಲೇಖನ ಅವರ ಮೇಲಿನ ದೂರಲ್ಲ. ನಾನು ಜಗಳಕ್ಕೆ ನಿಂತಿರುವುದು ನನ್ನವರ ಮೇಲೆಯೇ. ನನ್ನಂತೆ ತುಂಡುಬಟ್ಟೆಯ ಹುಚ್ಚು ಹಿಡಿದವರ ಮೇಲೆ, ಅವರು ನಡೆಸುವ ಪ್ರದರ್ಶನಗಳ ಮೇಲೆ, ಕೊನೆಗೆ ನನ್ನ ಮೇಲೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪ್ರದರ್ಶನಗಳೆಂದರೆ ನನಗೆ ಪ್ರಾಣ. ಅಮೆರಿಕದ ಹ್ಯೂಸ್ಟನ್ನಿನಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವರ್ಷಕ್ಕೊಮ್ಮೆ ಈ ಕಲೆಯ ಜಾತ್ರೆಯೇ ನೆರೆಯುತ್ತದೆ. ನಮ್ಮ ನೆರೆಯ ಚೆನ್ನೈಯಲ್ಲಿ 2019ರಲ್ಲಿ ಇಂಡಿಯಾ ಕ್ವಿಲ್ಟ್ ಫೆಸ್ಟಿವಲ್ ನಡೆಯಿತು. ಬೆಂಗಳೂರಿನ ಹೊರವಲಯದಲ್ಲಿಯೂ, ಕಂಪ್ಯೂಟರ್ ಕಂಪನಿಗಳ ಜನ ಬಂದು ನೆಲೆಸಿದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಡೆ, ಸಣ್ಣದೋ ದೊಡ್ಡದೋ ಇಂಥ ಪ್ರದರ್ಶನಗಳು ನಡೆಯುತ್ತವೆ. ಸುದ್ದಿ ಕಿವಿಗೆ ಬಿದ್ದರೆ ಸಾಕು, ಉತ್ತರ ಪತ್ರಿಕೆಗಳ ಕಟ್ಟನ್ನು ಬದಿಗಿಟ್ಟು ಹೊರಟುಬಿಡುತ್ತೇನೆ. ಮೊದಲು ಪೀಣ್ಯದಿಂದ ವೈಟ್‌ಫೀಲ್ಡಿಗೆ ಹೋಗುವುದೆಂದರೆ ಪರವೂರಿನ ಪ್ರಯಾಣವಾಗಿದ್ದಿತು. 2023ರ ಅಕ್ಟೋಬರಿನಲ್ಲಿ ಮೆಟ್ರೊದ ನೇರಳೆ ಮಾರ್ಗ ಪೂರ್ತಿಯಾದ ಮೇಲೆ, ಮೆಜೆಸ್ಟಿಕ್ಕಿನಲ್ಲಿ ಒಂದು ಸಲ ಇಳಿದು ಹತ್ತಿದರೆ ಆಯಿತು.

ಅಲ್ಲಿನ ಸುಖವನ್ನು ಏನೆಂದು ಹೇಳಲಿ! ಬಾಗಿಲಲ್ಲಿಯೇ “ಮುಟ್ಟಬಾರದು” ಎಂಬ ಫಲಕ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗನ್ನು ಬಟ್ಟೆಯ ಹತ್ತಿರ ಹತ್ತಿರಕ್ಕೆ ಒಯ್ದು, ಈ ಮೂಲೆಯನ್ನು ಹೇಗೆ ಮಡಿಚಿದಳು, ಈ ಕೆಂಪಿನ ಪಕ್ಕಕ್ಕೆ ಆ ಹಸುರನ್ನು ಇಡುವ ಧೈರ್ಯ ಹೇಗೆ ಬಂತು ಎಂದು ಯೋಚಿಸುತ್ತ ಒಂದೊಂದರ ಮುಂದೆಯೂ ಹತ್ತು ನಿಮಿಷ ನಿಲ್ಲುವವಳು ನಾನು. ಬಿಳಿಯ ಕೈಚೀಲ ತೊಟ್ಟ ಹುಡುಗಿಯೊಬ್ಬಳು ಬಂದು, ಕೇಳಿಕೊಂಡರೆ, ಅಂಚನ್ನು ಎತ್ತಿ ಹಿಂಬದಿಯನ್ನು ತೋರಿಸುತ್ತಾಳೆ. ಹೊಲಿಗೆ ಬಲ್ಲವರು ಮೊದಲು ನೋಡುವುದು ಹಿಂಬದಿಯನ್ನೇ. ಕವಿಯ ಕರಡು ಪ್ರತಿಯನ್ನು ಕಂಡಾಗ ನಮ್ಮಂಥವರಿಗೆ ಆಗುವ ಆನಂದ ಅದು. ಇದನ್ನು ಉಳ್ಳವರ ಮನೆಯ ಹೆಂಗಸರ ಕಾಲಹರಣವೆಂದು ಮೂಗುಮುರಿಯುವವರು ಒಂದು ಸಲ ಬಂದು ಹಿಂಬದಿಯನ್ನು ನೋಡಬೇಕು.

ಇಷ್ಟು ಹೇಳಿದ ಮೇಲೆ ನನ್ನ ತಕರಾರಿಗೆ ಬರುತ್ತೇನೆ.

ಕೆಲವು ತಿಂಗಳ ಹಿಂದೆ ವೈಟ್‌ಫೀಲ್ಡಿನ ಸಭಾಂಗಣವೊಂದರಲ್ಲಿ ನಡೆದ ಪ್ರದರ್ಶನದಲ್ಲಿ ನನ್ನದೂ ಒಂದು ಹೊದಿಕೆ ತೂಗಿತ್ತು. ಅದರ ಪಕ್ಕದ ಚೀಟಿಯಲ್ಲಿ ನನ್ನ ಹೆಸರಿತ್ತು. ಹೆಸರಿನ ಮುಂದೆ ಎಂ.ಎ. ಎಂದಿತ್ತು. ಹೊಲಿಯಲು ಹಿಡಿದ ಕಾಲ ಏಳು ತಿಂಗಳು ಎಂದಿತ್ತು. ಹೊಲಿಗೆಯ ಯಂತ್ರವನ್ನು ಮಾಡಿದ ಕಂಪನಿಯ ಹೆಸರೂ ಇತ್ತು. ಕೊನೆಯ ಸಾಲಿನಲ್ಲಿ, “ಸ್ಫೂರ್ತಿ: ಉತ್ತರ ಕರ್ನಾಟಕದ ಕೌದಿ” ಎಂದು ನಾನೇ ಬರೆದುಕೊಟ್ಟಿದ್ದೆ.

ಅದೇ ಗೋಡೆಯ ತುದಿಯಲ್ಲಿ ಮೂರು ನಿಜವಾದ ಕೌದಿಗಳು ತೂಗುತ್ತಿದ್ದವು. ಇಳಕಲ್ ಸೀರೆಯ ಕೆಂಪು ಸೆರಗುಗಳು, ರವಿಕೆಯ ಖಣದ ಚೂರುಗಳು, ತೊಳೆದು ತೊಳೆದು ಮೆತ್ತಗಾದ ಧೋತರಗಳು, ನಡುನಡುವೆ ಯಾರದೋ ಶಾಲೆಯ ಸಮವಸ್ತ್ರದ ನೀಲಿ. ಅವುಗಳ ಮುಂದೆ ನನ್ನ ಏಳು ತಿಂಗಳ ಕೆಲಸ ಶಾಲೆಯ ಮಗುವಿನ ಕಾಪಿ ಪುಸ್ತಕದಂತೆ ಕಂಡಿತೆಂದರೆ ವಿನಯದ ಮಾತಲ್ಲ. ಅವುಗಳ ಚೀಟಿಯನ್ನು ಓದಿದೆ. “ಸಾಂಪ್ರದಾಯಿಕ ಕೌದಿ. ಉತ್ತರ ಕರ್ನಾಟಕ. ಹತ್ತಿ. ಕೈಹೊಲಿಗೆ.” ಅಷ್ಟೇ. ಮೂರಕ್ಕೂ ಅದೇ ಚೀಟಿ.

ಹೊಲಿದವರು ಯಾರೆಂದು ಅಲ್ಲಿದ್ದ ಸ್ವಯಂಸೇವಕಿಯನ್ನು ಕೇಳಿದೆ. “ಇದು ಟ್ರೆಡಿಷನಲ್ ಅಲ್ವಾ ಮೇಡಂ, ಇದಕ್ಕೆಲ್ಲ ಹೆಸರು ಇರೋದಿಲ್ಲ” ಎಂದಳು. ಆ ಹುಡುಗಿಯ ತಪ್ಪೇನೂ ಇಲ್ಲ. ಆಕೆಗೆ ಹೇಳಿಕೊಟ್ಟದ್ದನ್ನೇ ಹೇಳಿದಳು. ಆದರೆ ಆ ಗೋಡೆಯಲ್ಲಿ ನನ್ನ ಹೊಲಿಗೆಯ ಯಂತ್ರಕ್ಕೆ ಹೆಸರಿತ್ತು. ಆ ಮೂರು ಕೌದಿಗಳನ್ನು ಹೊಲಿದ ಮನುಷ್ಯರಿಗೆ ಇರಲಿಲ್ಲ.

ಹಳೆಯ ಮೈಸೂರಿನ ಕಡೆಯ ಓದುಗರಿಗಾಗಿ ಒಂದೆರಡು ಮಾತು. ಕೌದಿಯೆಂದರೆ ಹತ್ತಿ ತುಂಬಿದ ರಜಾಯಿಯಲ್ಲ. ಉಟ್ಟು ಸವೆದ ಸೀರೆ ಧೋತರಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಿ, ಮೇಲೆ ಚೂರುಗಳನ್ನು ಜೋಡಿಸಿ, ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ಸಾಮಾನ್ಯ ಕ್ರಮ. ಹೊಲಿಗೆ ಮೇಲೆ ಕೆಳಗೆ ಓಡುವ ಸಾದಾ ಹೊಲಿಗೆಯೇ. ನಕ್ಷೆ ಬರೆದುಕೊಳ್ಳುವುದಿಲ್ಲ, ಅಳತೆಪಟ್ಟಿ ಇಲ್ಲ. ಯಾವ ಚೂರಿನ ಪಕ್ಕ ಯಾವ ಚೂರು ಎಂಬುದನ್ನು ಹೊಲಿಯುವವಳ ಕಣ್ಣು ಆ ಹೊತ್ತಿಗೆ ತೀರ್ಮಾನಿಸುತ್ತದೆ. “ಇದರಲ್ಲಿ ಕಲೆಯೇನು ಬಂತು, ಹಳೆಯ ಬಟ್ಟೆಯ ಉಪಯೋಗ ಅಷ್ಟೇ” ಎನ್ನುವವರು, ಹಳೆಯ ಮಾತುಗಳನ್ನೇ ಜೋಡಿಸಿ ಕವಿತೆ ಬರೆಯುವವರನ್ನು ಏನೆನ್ನುತ್ತಾರೋ ತಿಳಿಯದು.

ಇನ್ನು ಶ್ರಮದ ಲೆಕ್ಕ. ನನ್ನ ಮನೆಯಲ್ಲಿರುವ ಒಂದು ಕೌದಿಯನ್ನು ಅಳೆದು ನೋಡಿದೆ. ಉದ್ದ 6 ಅಡಿ, ಅಗಲ 4 ಅಡಿ. ಅರ್ಧ ಅಂಗುಲಕ್ಕೊಂದು ಹೊಲಿಗೆಯ ಸಾಲು. ಒಂದು ಅಂಗುಲದಲ್ಲಿ ನಾಲ್ಕು ಹೊಲಿಗೆ. ಗುಣಿಸಿದರೆ ಸಾಲುಗಳ ಒಟ್ಟು ಉದ್ದ 576 ಅಡಿ. ಹೊಲಿಗೆಗಳು ಇಪ್ಪತ್ತೇಳು ಸಾವಿರಕ್ಕೂ ಮೇಲೆ. ದಪ್ಪನೆಯ ಪದರಗಳಲ್ಲಿ ನಾನು ನಿಮಿಷಕ್ಕೆ ಹತ್ತು ಹೊಲಿಗೆ ಹಾಕಬಲ್ಲೆ. ಆ ಲೆಕ್ಕದಲ್ಲಿ ನನಗೆ ಬರಿಯ ಹೊಲಿಗೆಗೇ 46 ಗಂಟೆ ಬೇಕು. ಕೈ ಪಳಗಿದವರಿಗೆ ಕಡಿಮೆ ಹಿಡಿಯಬಹುದು. ಆದರೆ ಬೆರಳು ಬೆರಳೇ, ಬೆನ್ನು ಬೆನ್ನೇ.

ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಅದೇ ಪ್ರದರ್ಶನದ ಹೊರಗಿನ ಮೊಗಸಾಲೆಗೆ ಬನ್ನಿ. ಅಲ್ಲಿ ಮಾರಾಟದ ಮೇಜುಗಳು. ಒಂದರ ಹಿಂದೆ ಕೊಪ್ಪಳದ ಕಡೆಯ ನಡುವಯಸ್ಸಿನ ಹೆಂಗಸೊಬ್ಬಳು ಕೌದಿಗಳನ್ನು ಪೇರಿಸಿಕೊಂಡು ಕುಳಿತಿದ್ದಳು. ಒಂದಕ್ಕೆ ಎರಡೂವರೆ ಸಾವಿರ ರೂಪಾಯಿ ಹೇಳಿದಳು. ಒಳಗೆ ನನ್ನ ಹೊದಿಕೆಯ ಮುಂದೆ ನಿಂತು “ಅದ್ಭುತ” ಎಂದಿದ್ದ ಮಹಿಳೆಯೊಬ್ಬರು ಹೊರಗೆ ಬಂದು, “ಹಳೇ ಬಟ್ಟೆ ತಾನೇ, ಸಾವಿರಕ್ಕೆ ಕೊಡಿ” ಎಂದರು. ಆ ಹೆಂಗಸು ಸಿಟ್ಟಾಗಲಿಲ್ಲ. “ಬಟ್ಟಿ ಹಳೇದ ಐತ್ರೀ ಅಕ್ಕಾರ, ಕೈ ಹಳೇವಲ್ಲ” ಎಂದು ಕೌದಿಯನ್ನು ಮಡಿಚಿಟ್ಟಳು. ನನ್ನ ವೇಗದ ಲೆಕ್ಕ ಹಿಡಿದರೆ ಎರಡೂವರೆ ಸಾವಿರಕ್ಕೆ ಗಂಟೆಗೆ ಐವತ್ತನಾಲ್ಕು ರೂಪಾಯಿ ಬೀಳುತ್ತದೆ. ದಾರ, ಮೇಜಿನ ಬಾಡಿಗೆ, ಊರಿಂದ ಬಂದ ಖರ್ಚು ಅದರಲ್ಲಿಯೇ. ಒಳಗೆ ಗೋಡೆಗೆ ತೂಗಿದ್ದನ್ನು ಯಾರೂ ಚೌಕಾಸಿ ಮಾಡಲಿಲ್ಲ. ಒಳಗಿನದು ಕಲೆ, ಹೊರಗಿನದು ಕರಕುಶಲ. ನಡುವೆ ಇದ್ದದ್ದು ಒಂದು ಬಾಗಿಲು, ಮತ್ತು ಹೆಸರು ಬರೆದ ಒಂದು ಚೀಟಿ.

ವ್ಯವಸ್ಥಾಪಕರ ಮೇಲೆ ನನಗೆ ಬಂದ ಸಿಟ್ಟು ಒಂದು ರಾತ್ರಿ ಮಾತ್ರ ಬಾಳಿತು. ಮರುದಿನ ಬೆಳಿಗ್ಗೆ ಆ ಕೌದಿಯನ್ನು, ಮೇಲೆ ಹೇಳಿದೆನಲ್ಲ, ಅಳೆದು ನೋಡಿದ ಕೌದಿಯನ್ನೇ, ಪೆಟ್ಟಿಗೆಯಿಂದ ತೆಗೆದೆ. ಇಳಕಲ್ಲಿನ ಹತ್ತಿರದ ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ, ನಾನು ಎಂಟು ಒಂಬತ್ತು ವರ್ಷದವಳಿದ್ದಾಗ, ಸುಗ್ಗಿ ಮುಗಿದ ಮೇಲೆ ಬಂದ ಹೆಂಗಸೊಬ್ಬಳು ಕುಳಿತು ಹೊಲಿದದ್ದು ಅದು. ಮನೆಮನೆಗೆ ಹೋಗಿ ಕೌದಿ ಹೊಲಿದುಕೊಡುವ ಅಲೆಮಾರಿ ಹೆಂಗಸರು ಆಗ ನಮ್ಮ ಕಡೆ ಪ್ರತಿವರ್ಷ ಬರುತ್ತಿದ್ದರು. ನಾನು ಆಕೆಗೆ ಸೂಜಿಯಲ್ಲಿ ದಾರ ಪೋಣಿಸಿಕೊಟ್ಟದ್ದು ನೆನಪಿದೆ. ಆಕೆಯ ಎಡಗೈಯ ಹಚ್ಚೆ ನೆನಪಿದೆ. ನನ್ನ ಕೈಹಿಡಿದು ಮೊದಲ ಸಾಲು ಹೊಲಿಸಿದವಳು ಆಕೆಯೇ. ಈಗ ನನ್ನಲ್ಲಿರುವ ಹುಚ್ಚಿನ ಬೀಜ ಅಲ್ಲಿ ಬಿದ್ದದ್ದು. ಆದರೆ ಹೆಸರು?

ಊರಿಗೆ ಫೋನು ಮಾಡಿ ನಮ್ಮವ್ವನನ್ನು ಕೇಳಿದೆ. ಆಕೆಗೆ ಕೊಟ್ಟ ಜೋಳ ಎಷ್ಟು, ಹಳೆಯ ಸೀರೆ ಯಾವುದು, ದಿನಕ್ಕೆ ಎಷ್ಟು ಸಲ ಚಹಾ ಕೇಳುತ್ತಿದ್ದಳು, ಎಲ್ಲವನ್ನೂ ಅವ್ವ ಹೇಳಿದಳು. ಹೆಸರು ಮಾತ್ರ ನೆನಪಾಗಲಿಲ್ಲ. “ಹೆಸರ ಯಾರ ಕೇಳ್ತಿದ್ರವ್ವ? ಕೌದಿ ಹೊಲಿಯಾಕಿ ಬಂದಾಳ ಅಂದ್ರ ಓಣಿಗೆಲ್ಲ ತಿಳೀತಿತ್ತು” ಎಂದಳು.

ವೈಟ್‌ಫೀಲ್ಡಿನ ಸ್ವಯಂಸೇವಕಿ ಹೇಳಿದ್ದಕ್ಕೂ ನಮ್ಮವ್ವ ಹೇಳಿದ್ದಕ್ಕೂ ಏನು ಅಂತರ? ಭಾಷೆ ಬೇರೆ, ಅಷ್ಟೇ. ಹೀಗಾಗಿ, ಈ ಹೆಸರು ಅಳಿಸುವ ಕೆಲಸ ಸಭಾಂಗಣದಲ್ಲಿ ಮೊದಲಾದದ್ದಲ್ಲ. ನಮ್ಮ ನಮ್ಮ ಪಡಸಾಲೆಗಳಲ್ಲಿ ಮೊದಲಾದದ್ದು. ಸಭಾಂಗಣ ಅದಕ್ಕೆ ಒಂದು ಅಚ್ಚುಕಟ್ಟಾದ ಚೀಟಿ ಅಂಟಿಸಿತು. ಸ್ಫೂರ್ತಿಯ ಸಾಲಿನಲ್ಲಿ “ಉತ್ತರ ಕರ್ನಾಟಕದ ಕೌದಿ” ಎಂದು ಬರೆದ ನಾನು, ಒಬ್ಬ ಮನುಷ್ಯಳ ಋಣವನ್ನು ಹನ್ನೆರಡು ಹದಿಮೂರು ಜಿಲ್ಲೆಗಳ ಹೆಸರಿನಲ್ಲಿ ತೀರಿಸಿ ಕೈತೊಳೆದುಕೊಂಡಿದ್ದೆ.

ಹೆಸರಿನಿಂದ ಏನಾಗುತ್ತದೆ ಎಂದು ಕೇಳುವವರುಂಟು. ಅವರಿಗೆ ನ್ಯೂಯಾರ್ಕಿನ ಒಂದು ಗೋಡೆಯ ಕಥೆ ಹೇಳುತ್ತೇನೆ. 1971ರಲ್ಲಿ ಅಲ್ಲಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಹಳೆಯ ಅಮೆರಿಕನ್ ಕ್ವಿಲ್ಟುಗಳನ್ನು ಆಧುನಿಕ ವರ್ಣಚಿತ್ರಗಳಂತೆ ಗೋಡೆಗೆ ತೂಗಿ ತೋರಿಸಿದರು. ಜನ ಬೆರಗಾದರು, ಹಾಸಿಗೆಯ ಮೇಲಿನ ವಸ್ತು ಗೋಡೆಯ ಮೇಲಿನ ಕಲೆಯಾಯಿತು. ಆದರೆ ಅವುಗಳಲ್ಲಿ ಬಹುಪಾಲಿಗೆ ಹೊಲಿದವರ ಹೆಸರಿರಲಿಲ್ಲ. ಮೂವತ್ತೊಂದು ವರ್ಷಗಳ ಮೇಲೆ, 2002ರಲ್ಲಿ, ಅದೇ ವಿಟ್ನಿಗೆ ಇನ್ನೊಂದು ಪ್ರದರ್ಶನ ಬಂದಿತು. ಅಲಬಾಮ ರಾಜ್ಯದಲ್ಲಿ ನದಿಯ ತಿರುವಿನೊಳಗೆ ಸಿಕ್ಕಿಕೊಂಡಂತಿರುವ ಗೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಹೆಂಗಸರು, ಹೊಲದಲ್ಲಿ ದುಡಿದು ಹರಿದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು ಅವು. ಈ ಸಲ ಪ್ರತಿಯೊಂದರ ಪಕ್ಕದಲ್ಲಿ ಹೆಸರಿತ್ತು: ಲೊರೆಟಾ ಪೆಟ್ವೇ, ಆನಿ ಮೇ ಯಂಗ್, ಮೇರಿ ಲೀ ಬೆಂಡಾಲ್ಫ್. 2006ರಲ್ಲಿ ಅವರ ಹೊದಿಕೆಗಳ ಚಿತ್ರ ಅಮೆರಿಕದ ಅಂಚೆಚೀಟಿಗಳ ಮೇಲೆ ಬಂದಿತು. ಇಷ್ಟಕ್ಕೇ ನಿಲ್ಲಲಿಲ್ಲ. ತಮಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ಅವರಲ್ಲಿ ಕೆಲವರು 2007ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಮರುವರ್ಷ ರಾಜಿಯಾಯಿತು. ಸರಿಯೋ ತಪ್ಪೋ, ಆ ವ್ಯಾಜ್ಯದ ಗುಣದೋಷ ನನಗೆ ಮುಖ್ಯವಲ್ಲ. ಹೆಸರಿದ್ದವರು ಲೆಕ್ಕ ಕೇಳಬಲ್ಲರು. “ಸಾಂಪ್ರದಾಯಿಕ” ಎಂಬ ವಿಶೇಷಣ ಯಾವ ನ್ಯಾಯಾಲಯಕ್ಕೆ ಹೋದೀತು?

ದೂರದ ಅಮೆರಿಕವೇಕೆ, ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳಿಗೇ ಬರೋಣ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿಯಾದ ಸಿದ್ದಿ ಜನ ಅಲ್ಲಿನ ಕಾಡಂಚಿನಲ್ಲಿದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ಅವರ ಹೆಂಗಸರು ಹೊಲಿಯುವ ಕವಂದಿ ನಮ್ಮ ಕೌದಿಯ ಒಡಹುಟ್ಟು. ಅಂಚಿನಿಂದ ನಡುವಿಗೆ ಬಂದು ಮುಗಿಯುವ ಹೊಲಿಗೆ, ನಾಲ್ಕು ಮೂಲೆಗಳಲ್ಲಿ ‘ಫೂಲ’ವೆಂಬ ಮಡಿಚಿದ ತ್ರಿಕೋನದ ಹೂವು, ಅದಿಲ್ಲದಿದ್ದರೆ ಕವಂದಿ ಮುಗಿದಂತಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಹೆಂಗಸರ ನಡುವೆ ಇದ್ದು, ನೋಡಿ, ಬರೆದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿರುವ ಶೊಂಬರ್ಗ್ ಕೇಂದ್ರದಲ್ಲಿ ಆ ಕವಂದಿಗಳ ಪ್ರದರ್ಶನ ನಡೆಯಿತು, ಹೊಲಿದವರ ಹೆಸರಿನೊಡನೆ. ಯಲ್ಲಾಪುರದ ಹೆಂಗಸಿನ ಹೆಸರು ಹಾರ್ಲೆಮ್ಮಿನ ಗೋಡೆಯನ್ನು ಮುಟ್ಟಿದೆ. ಬೆಂಗಳೂರಿನ ಗೋಡೆಯಲ್ಲಿ ಮಾತ್ರ ಕೌದಿಗೆ ಇನ್ನೂ ಹೆಸರಿಲ್ಲ. ಇದಕ್ಕಿಂತ ನಾಚಿಕೆಯ ಸಂಗತಿ ಬೇಕೆ?

ಕನ್ನಡದ ಅಧ್ಯಾಪಕಿಯಾಗಿ ನನಗೆ ಇನ್ನೂ ಹತ್ತಿರದ ಒಂದು ನಾಚಿಕೆಯಿದೆ. ನಾವು ‘ಗರತಿಯ ಹಾಡು’ ಎಂಬ ಸಂಕಲನವನ್ನು ಭಕ್ತಿಯಿಂದ ಪಾಠ ಹೇಳುತ್ತೇವೆ. 1931ರಲ್ಲಿ ಅದನ್ನು ಹೊರತಂದ ಹಲಸಂಗಿಯ ಗೆಳೆಯರ ಹೆಸರು ನಮಗೆಲ್ಲ ಬಾಯಿಪಾಠ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯೂ ಹೌದು. ಅವರ ಉಪಕಾರ ಸಣ್ಣದಲ್ಲ; ಅವರಿಲ್ಲದಿದ್ದರೆ ಆ ಹಾಡುಗಳು ಬೀಸುವ ಕಲ್ಲಿನೊಡನೆಯೇ ಹೋಗುತ್ತಿದ್ದವು. ಆದರೆ ಹಾಡಿದ ಹೆಂಗಸರ ಹೆಸರು ಹೇಳಿ ಎಂದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಬರೆಯಬಲ್ಲೆವು? “ಜನಪದ” ಎಂಬ ದೊಡ್ಡ ಮಾತಿನ ಕೆಳಗೆ ಎಷ್ಟೊಂದು ಹೆಸರುಗಳನ್ನು ನಾವು ಹಾಸಿ ಮಲಗಿದ್ದೇವೆ!

ವಚನಕಾರರು ಹೀಗೆ ಮಾಡಲಿಲ್ಲ. ನೂಲುವ ಕದಿರ ರೆಮ್ಮವ್ವೆಯೂ ನೇಯುವ ಜೇಡರ ದಾಸಿಮಯ್ಯನೂ ತಮ್ಮ ಕಾಯಕವನ್ನು ಹೆಸರಿನಲ್ಲಿಯೇ ಹೊತ್ತವರು. ಹೊದಿಕೆಯನ್ನೇ ಹೆಸರಾಗಿ ಹೊತ್ತ ಬೊಂತಾದೇವಿಯೂ ಅವರಲ್ಲಿದ್ದಾಳೆ. ಬೊಂತೆಯೆಂದರೆ ಕೌದಿಯೇ ತಾನೇ. ಕಾಶ್ಮೀರದ ಕಡೆಯಿಂದ ಎಲ್ಲವನ್ನೂ ತೊರೆದು ಬಂದ ಆಕೆಗೆ ಶಿವನೇ ಬೊಂತೆ ಹೊದಿಸಿದನೆಂದು ಕಥೆ. ಅವರ ಪ್ರತಿಯೊಂದು ವಚನದ ಕೊನೆಯಲ್ಲಿಯೂ ಅಂಕಿತ. ಅಂಕಿತ ಇಷ್ಟದೇವರ ಹೆಸರೇ ಇರಬಹುದು. ಆದರೆ ಅದನ್ನು ಹಿಡಿದು ಈ ಮಾತು ಯಾರದೆಂದು ಎಂಟುನೂರು ವರ್ಷಗಳ ಮೇಲೆಯೂ ಹೇಳುತ್ತೇವೆ. ನಿರಹಂಕಾರಕ್ಕೂ ಅನಾಮಧೇಯತೆಗೂ ಗಂಟು ಹಾಕುವವರು ಇದನ್ನು ನೆನೆಯಬೇಕು.

ಈಗ ಆಕ್ಷೇಪಗಳಿಗೆ ಬರೋಣ. ನನ್ನ ಹೊಲಿಗೆಯ ಗೆಳತಿಯರೇ ಇವನ್ನು ನನ್ನ ಮುಂದಿಟ್ಟಿದ್ದಾರೆ.

“ಕೌದಿ ಹಲವರು ಸೇರಿ ಮಾಡುವ ಕೆಲಸ, ಒಬ್ಬರ ಹೆಸರು ಬರೆಯುವುದು ಹೇಗೆ?” ಎಂಬುದು ಮೊದಲನೆಯದು. ಹಲವರಿದ್ದರೆ ಹಲವರ ಹೆಸರು ಬರೆಯಿರಿ. ಸಿನಿಮಾದ ಕೊನೆಯಲ್ಲಿ ಚಹಾ ತಂದುಕೊಟ್ಟವನ ಹೆಸರೂ ಬರುತ್ತದೆ. ತೆರೆಗೆ ಜಾಗ ಸಾಲದೆ ಹೋಗಿದ್ದಿಲ್ಲ.

“ಊರಿನ ಹೆಸರು, ನಾಡಿನ ಹೆಸರು ಬರೆದಿದ್ದೇವಲ್ಲ” ಎಂಬುದು ಎರಡನೆಯದು. ಇಳಕಲ್ ಸೀರೆಗೂ ಕಸೂತಿಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ, ಸಂತೋಷ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆಯ ಸಂದರ್ಭದಲ್ಲಿ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು; ಅದೂ ಸಂತೋಷ. ಆದರೆ ಊರಿಗೆ ಹಸಿವಾಗುವುದಿಲ್ಲ, ಸಂಖ್ಯೆಗೆ ಬೆನ್ನು ನೋಯುವುದಿಲ್ಲ. ನಮ್ಮ ಸರ್ಕಾರವೇ 1965ರಿಂದ ಕರಕುಶಲಿಗಳಿಗೆ ಹೆಸರು ಹಿಡಿದು ಕರೆದು ರಾಷ್ಟ್ರಪ್ರಶಸ್ತಿ ಕೊಡುತ್ತ ಬಂದಿದೆ. ಕಚೇರಿಯ ಗುಮಾಸ್ತರಿಗೆ ಸಾಧ್ಯವಾದದ್ದು ಕಲಾರಸಿಕರಿಗೆ ಏಕೆ ಅಸಾಧ್ಯ?

“ಅವರಿಗೇ ಹೆಸರು ಬೇಕಿಲ್ಲ” ಎಂಬುದು ಮೂರನೆಯದು. ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಮಾತು ಇದೇ. ಕೇಳಿ ನೋಡಿದಿರಾ? ಹೊಲಿಯುವ ಹೆಂಗಸು ಬಾಯಿಲ್ಲದ ಜೀವಿಯೆಂದು ತಿಳಿದವರು 2016ರ ಏಪ್ರಿಲನ್ನು ನೆನೆಯಲಿ. ಭವಿಷ್ಯನಿಧಿಯ ಹಣವನ್ನು ತೆಗೆಯಲು ಹೊಸ ನಿರ್ಬಂಧ ಬಂದಾಗ, ಹೊಸೂರು ರಸ್ತೆಯಲ್ಲಿಯೂ ಪೀಣ್ಯದ ಕಡೆಯಲ್ಲಿಯೂ ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಂಗಸರು ಬೀದಿಗೆ ಬಂದು ನಿಂತರು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ನನ್ನ ತರಗತಿಯಲ್ಲಿ ಕೂರುವ ಹಲವು ಹುಡುಗಿಯರ ತಾಯಂದಿರು ಈ ಕಾರ್ಖಾನೆಗಳಲ್ಲಿ ದುಡಿಯುವವರು. ದಿನವೆಲ್ಲ ಕೊರಳಪಟ್ಟಿ ಮಾತ್ರ ಹೊಲಿಯುವವಳೊಬ್ಬಳು, ತೋಳು ಮಾತ್ರ ಕೂಡಿಸುವವಳೊಬ್ಬಳು. ಅಂಗಿಯ ಒಳಗಿನ ಚೀಟಿಯಲ್ಲಿ ಕಂಪನಿಯ ಹೆಸರಿರುತ್ತದೆ, ದೇಶದ ಹೆಸರಿರುತ್ತದೆ. ಕಾರ್ಖಾನೆಯ ಕಟ್ಟಳೆ ಅದು. ಅದನ್ನು ಬದಲಿಸುವ ಶಕ್ತಿ ನನ್ನ ಲೇಖನಿಗಿಲ್ಲ. ಆದರೆ ಪ್ರದರ್ಶನ ಕಾರ್ಖಾನೆಯಲ್ಲ. ಪ್ರೀತಿಗಾಗಿ ಹೊಲಿಯುವವರು, ಪ್ರೀತಿಯಿಂದ ನೋಡುವವರು ಕೂಡಿದ ಜಾಗ ಅದು. ಕಾರ್ಖಾನೆಯ ಕಟ್ಟಳೆಯನ್ನು ಅಲ್ಲಿಗೂ ತರುವುದೇಕೆ?

ಕೊನೆಯದು ನನ್ನ ಹಿರಿಯ ಸಹೋದ್ಯೋಗಿಯವರದು. “ಹೊದೆಯುವುದನ್ನು ಗೋಡೆಗೆ ತೂಗಿದ್ದೇ ಮೊದಲ ತಪ್ಪು, ಹೆಸರು ಬರೆದು ಆ ತಪ್ಪನ್ನು ಇನ್ನಷ್ಟು ಗಟ್ಟಿಮಾಡುತ್ತೀರಿ” ಎಂದರು. ಈ ಮಾತಿಗೆ ತೂಕವಿದೆ. ಕೌದಿ ಹೊದೆಯಲಿಕ್ಕೆ ಹುಟ್ಟಿದ್ದು. ಬಾಣಂತಿಗೆ, ಹಸುಗೂಸಿಗೆ, ಮುದುಕರಿಗೆ ಬೆಚ್ಚನೆಯದು. ಆದರೆ ಬೀಸುವ ಕಲ್ಲಿನ ಹಾಡು ಬೀಸಲಿಕ್ಕೆ ಹುಟ್ಟಿದ್ದಲ್ಲವೆ? ಅದನ್ನು ಅಚ್ಚುಹಾಕಿ, ಪಠ್ಯ ಮಾಡಿ, ಬೀಸುವ ಕಲ್ಲನ್ನೇ ಕಾಣದ ಮಕ್ಕಳಿಗೆ ಓದಿಸುತ್ತಿಲ್ಲವೆ? ನೋಡುವುದಕ್ಕೆಂದು ಒಂದು ದಿನ ಗೋಡೆಗೆ ತೂಗಿದರೆ ಕೌದಿಯ ಬಿಸುಪು ಹೋಗುವುದಿಲ್ಲ. ಹೆಸರಿಲ್ಲದೆ ತೂಗಿದರೆ ಮಾತ್ರ ಅದು ಬೇಟೆಯಾಡಿ ತಂದ ತೊಗಲಿನಂತೆ ಕಾಣುತ್ತದೆ.

ಬರಿಯ ಮಾತಾಡಿ ಪ್ರಯೋಜನವಿಲ್ಲವೆಂದು ನನ್ನ ತರಗತಿಯಲ್ಲಿಯೇ ಒಂದು ಪ್ರಯೋಗ ಮಾಡಿದೆ. ಮನೆಯಲ್ಲಿ ಕೌದಿಯಿದ್ದವರು ತನ್ನಿರಿ; ಹೊಲಿದವರ ಹೆಸರು, ಊರು, ಹೊಲಿದ ಸುಮಾರು ವರ್ಷ, ಯಾರ ಯಾರ ಬಟ್ಟೆ ಎಂಬುದನ್ನು ಕೇಳಿ ಬರೆದು ತನ್ನಿರಿ ಎಂದೆ. ಹನ್ನೊಂದು ಮಂದಿ ತಂದರು. ಮೊದಲ ದಿನ ಎಲ್ಲರ ಕಾಗದದಲ್ಲಿಯೂ “ಅಜ್ಜಿ”, “ದೊಡ್ಡವ್ವ”, “ಊರಿನ ಒಬ್ಬಾಕೆ”. ಹೋಗಿ ಮತ್ತೆ ಕೇಳಿ ಎಂದು ಕಳಿಸಿದೆ. ಫೋನುಗಳು ಓಡಾಡಿದವು. ಒಂದು ವಾರದಲ್ಲಿ ಎಂಟು ಕೌದಿಗಳಿಗೆ ಹೆಸರು ಸಿಕ್ಕಿತು. ಒಬ್ಬ ಹುಡುಗನಿಗೆ ತನ್ನ ಅಜ್ಜಿಯ ಹೆಸರು ಅದುವರೆಗೂ ಗೊತ್ತೇ ಇರಲಿಲ್ಲವಂತೆ. ಪಡಿತರ ಚೀಟಿ ತೆಗೆದು ನೋಡಿದನಂತೆ. ಕಾಲೇಜಿನ ಮೊಗಸಾಲೆಯಲ್ಲಿ ಹಗ್ಗ ಕಟ್ಟಿ ಹನ್ನೊಂದನ್ನೂ ತೂಗಿದೆವು. ಸ್ಫೂರ್ತಿಯ ಸಾಲನ್ನು ಒಡೆದು ಹಾಕಿ ನನ್ನದನ್ನೂ ಕೊನೆಯಲ್ಲಿ ತೂಗಿದೆ. ಮುಟ್ಟಬಾರದೆಂಬ ಫಲಕ ಹಾಕಲಿಲ್ಲ. ಕಾರ್ಖಾನೆಯ ಪಾಳಿ ಮುಗಿಸಿ ಬಂದ ತಾಯಂದಿರು ಅಂಚು ಹಿಡಿದು ಎಳೆದು, ಹಿಂಬದಿ ತಿರುಗಿಸಿ, “ಈ ಹೊಲಿಗಿ ಗಟ್ಟಿ ಐತಿ, ಇದು ಸಡ್ಲ” ಎಂದು ತೀರ್ಪು ಕೊಟ್ಟರು. ನನ್ನದು ಸಡಿಲದ ಪಟ್ಟಿಗೆ ಸೇರಿತು. ನಾನು ಕಂಡ ಪ್ರದರ್ಶನಗಳಲ್ಲೆಲ್ಲ ಅಷ್ಟು ಸುಖಪಟ್ಟದ್ದು ನೆನಪಿಲ್ಲ.

ಆದುದರಿಂದ, ಪ್ರದರ್ಶನ ನಡೆಸುವ ಮಹನೀಯರಲ್ಲಿ ನನ್ನ ಬೇಡಿಕೆ ಮೂರೇ ಮೂರು. ಒಂದು: ಯಂತ್ರದಲ್ಲಿ ಹೊಲಿದ ಹೊದಿಕೆಗೆ ಯಾವ ಚೀಟಿಯೋ ಕೌದಿಗೂ ಅದೇ ಚೀಟಿ, ಹೆಸರು, ಊರು, ವರ್ಷ, ಹಿಡಿದ ಕಾಲ. ಹೆಸರು ಸಿಗದಿದ್ದರೆ, ಇಂತಿಂಥವರಲ್ಲಿ ವಿಚಾರಿಸಿದೆವು, ಸಿಗಲಿಲ್ಲ ಎಂದು ಬರೆಯಿರಿ. “ಸಾಂಪ್ರದಾಯಿಕ” ಎಂದು ಬರೆದು ತಪ್ಪಿಸಿಕೊಳ್ಳಬೇಡಿ. ಎರಡು: ಬಹುಮಾನದ ಸ್ಪರ್ಧೆಗೆ ಕೌದಿಯನ್ನೂ ಸೇರಿಸಿರಿ, ತೀರ್ಪುಗಾರರಲ್ಲಿ ಒಬ್ಬರಾದರೂ ಕೌದಿ ಹೊಲಿಯುವವರಿರಲಿ. ಮೂರು: ಮಾರಾಟದ ಮೇಜನ್ನು ಬಾಗಿಲಿನ ಒಳಕ್ಕೆ ತನ್ನಿರಿ, ಬೆಲೆಯ ಪಕ್ಕದಲ್ಲಿ ಹಿಡಿದ ಗಂಟೆಗಳನ್ನೂ ಬರೆಯಿರಿ. ಆಮೇಲೆ ಯಾರು ಚೌಕಾಸಿ ಮಾಡುತ್ತಾರೋ ನೋಡೋಣ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನನ್ನ ಮೇಲೆ ಪ್ರಯೋಗಿಸಬೇಡಿ. ಹಾಸಿಗೆ ಅವರದು, ಕಾಲು ಚಾಚಿರುವವರು ನಾವು.

ಓದುಗರಲ್ಲಿಯೂ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಕೌದಿಯೋ ಬೊಂತೆಯೋ ಇದ್ದೀತು. ಅದನ್ನು ಹೊಲಿದವರ ಹೆಸರು ಬಲ್ಲವರು ಇನ್ನೂ ಬದುಕಿರುವಾಗಲೇ ಕೇಳಿಕೊಂಡು, ಬಣ್ಣ ಬಿಡದ ದಾರದಲ್ಲಿ ಒಂದು ಮೂಲೆಯಲ್ಲಿ ಹೊಲಿದುಬಿಡಿ. ಅರ್ಧ ಗಂಟೆಯ ಕೆಲಸ.

ನನ್ನ ಕೌದಿಯ ಮೂಲೆಯಲ್ಲಿ ಊರಿನ ಹೆಸರು ಹೊಲಿದಿದ್ದೇನೆ. ಸುಮಾರು ವರ್ಷವನ್ನೂ ಹೊಲಿದಿದ್ದೇನೆ. ಅದರ ಮೇಲೆ ನಾಲ್ಕು ಅಂಗುಲ ಜಾಗ ಬಿಟ್ಟಿದ್ದೇನೆ. ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ, ಓಣಿಯ ಮುದುಕಿಯರನ್ನೆಲ್ಲ ಕೇಳಿಕೊಂಡು ಬರುವವಳಿದ್ದೇನೆ.